ಹಳೆ ಕಿಟಕಿಯ ಕೆಳಗೆ ಹಸಿರು

ಹಳೆಯ ಮನೆಯನ್ನು ಕೆಡವಿದಾಗ ನಮ್ಮ ಕಡೆ ಬಾಗಿಲು, ಕಿಟಕಿ, ತೊಲೆಗಳು ಹಾಳಾಗುವುದು ಅಪರೂಪ. ತೇಗದ ಚೌಕಟ್ಟಾದರೆ ಹೊಸ ಮನೆಗೆ ಹೋಗುತ್ತದೆ. ಸಾಧಾರಣ ಮರದ್ದಾದರೆ ದನದ ಕೊಟ್ಟಿಗೆಗೋ ಪಂಪ್‌ಸೆಟ್ಟಿನ ಕೋಣೆಗೋ ಸೇರುತ್ತದೆ. ಮನೆಯವರಿಗೆ ಬೇಡವಾದರೆ ಕೊಳ್ಳಲು ಹಳೆ ಮರಮುಟ್ಟಿನ ಅಂಗಡಿಗಳಿವೆ. ಹೇಗೇ ಆದರೂ ಕಿಟಕಿ ಮತ್ತೆ ಕಿಟಕಿಯಾಗಿಯೇ ಉಳಿಯುತ್ತದೆ. ಗೋಡೆಯಿಂದ ಕಿತ್ತ ಕಿಟಕಿಯನ್ನು ನೆಲದ ಮೇಲೆ ಅಡ್ಡಲಾಗಿ ಮಲಗಿಸಿ, ಅದರ ಕೆಳಗೆ ಸೊಪ್ಪು ಬೆಳೆಯುವವರೂ ಇದ್ದಾರೆಂದರೆ ನಮಗೆ ವಿಚಿತ್ರವೆನಿಸೀತು. ಇಂಗ್ಲೆಂಡಿನಲ್ಲಿ ಇದು ವಿಚಿತ್ರವಲ್ಲ, ಮನೆಮನೆಯ ವಿದ್ಯೆ. ಆ ಸಾಧನಕ್ಕೆ ಅಲ್ಲಿ ‘ಕೋಲ್ಡ್ ಫ್ರೇಮ್’ ಎಂಬ ಹೆಸರು.

ಹೆಸರಿನಲ್ಲಿ ‘ಕೋಲ್ಡ್’ ಇರುವುದರಿಂದ ಅದು ತಂಪು ಮಾಡುವ ಪೆಟ್ಟಿಗೆಯೆಂದು ತಿಳಿಯಬಾರದು. ಅದರ ಕೆಲಸ ಚಳಿಯನ್ನು ತಡೆಯುವುದು. ಒಲೆ, ಬಿಸಿನೀರಿನ ಕೊಳವೆ, ವಿದ್ಯುತ್ತು ಯಾವುದರ ನೆರವೂ ಇಲ್ಲದೆ ಬಿಸಿಲೊಂದರಿಂದಲೇ ಕೆಲಸ ಮಾಡುವುದರಿಂದ ಈ ಹೆಸರು. ತಳವಿಲ್ಲದ ಒಂದು ಮರದ ಪೆಟ್ಟಿಗೆ, ಅದಕ್ಕೊಂದು ಗಾಜಿನ ಮುಚ್ಚಳ. ಇಷ್ಟೇ ಅದರ ರಚನೆ. ಇದರೊಳಗೆ ಹೈಸ್ಕೂಲಿನ ಭೌತಶಾಸ್ತ್ರದ ಎರಡು ಮೂರು ಪಾಠಗಳೂ, ಒಂದು ದೇಶದ ಇನ್ನೂರು ವರ್ಷಗಳ ಕಥೆಯೂ ಅಡಗಿವೆ. ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆಂದು ಶೆಫೀಲ್ಡ್ ನಗರಕ್ಕೆ ಹೋಗಿ ಮೂರು ವಾರ ಇದ್ದಾಗ, ನಾನು ಹೆಚ್ಚು ಹೊತ್ತು ಕಳೆದದ್ದು ಇಂಥ ಪೆಟ್ಟಿಗೆಗಳ ಬಳಿಯಲ್ಲೇ.

ಉಕ್ಕಿನ ಊರು

ಲಂಡನ್ನಿನ ಸೇಂಟ್ ಪಾಂಕ್ರಾಸ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಶೆಫೀಲ್ಡ್ ಉತ್ತರಕ್ಕೆ ಸುಮಾರು ಎರಡು ಗಂಟೆಯ ಪ್ರಯಾಣ. ರೋಮ್‌ನಂತೆ ತಮ್ಮದೂ ಏಳು ಗುಡ್ಡಗಳ ಊರೆಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಗುಡ್ಡಗಳ ನಡುವೆ ಡಾನ್, ಶೀಫ್, ರಿವೆಲಿನ್, ಲಾಕ್ಸ್‌ಲಿ, ಪೋರ್ಟರ್ ಎಂಬ ಪುಟ್ಟ ನದಿಗಳು ಹರಿಯುತ್ತವೆ. ಶೀಫ್ ನದಿಯಿಂದಲೇ ಊರಿಗೆ ಶೆಫೀಲ್ಡ್ ಎಂಬ ಹೆಸರು ಬಂತು. ಹಿಂದೆ ಈ ಹೊಳೆಗಳ ನೀರು ಚಕ್ರಗಳನ್ನು ತಿರುಗಿಸುತ್ತಿತ್ತು, ಆ ಚಕ್ರಗಳು ಸಾಣೆಕಲ್ಲುಗಳನ್ನು ತಿರುಗಿಸುತ್ತಿದ್ದವು. ಹೀಗೆ ಚಾಕು ಕತ್ತರಿಗಳ ಊರಾಗಿ ಶುರುವಾದ ಶೆಫೀಲ್ಡ್ ಮುಂದೆ ಉಕ್ಕಿನ ಊರಾಯಿತು. ಕ್ರೋಮಿಯಂ ಬೆರೆಸಿದ ತುಕ್ಕು ಹಿಡಿಯದ ಉಕ್ಕನ್ನು 1913ರಲ್ಲಿ ಹ್ಯಾರಿ ಬ್ರಿಯರ್ಲಿ ಇಲ್ಲಿಯೇ ತಯಾರಿಸಿದ. ನಾವು ದಿನವೂ ಊಟಕ್ಕೆ ಬಳಸುವ ಸ್ಟೀಲ್ ತಟ್ಟೆಯ ವಂಶವೃಕ್ಷದಲ್ಲಿ ಈ ಊರಿಗೂ ಒಂದು ಜಾಗವಿದೆ.

ಇಲ್ಲಿನ ಗುಡ್ಡಗಳ ಇಳಿಜಾರಿನಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಹಳೆಯ ಮನೆಗಳ ಸಾಲುಗಳಿವೆ. ನಮ್ಮ ವಠಾರಗಳಂತೆ ಒಂದಕ್ಕೊಂದು ಅಂಟಿಕೊಂಡ ಮನೆಗಳು. ಅವುಗಳ ಮೂಲ ಕಿಟಕಿಗಳು ಮರದ ಚೌಕಟ್ಟಿನವು, ಒಂದೇ ಹಾಳೆಯ ಗಾಜಿನವು. ಮನೆಯ ಒಳಗೂ ಹೊರಗೂ 1 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದರೆ, ಇಂಥ ಗಾಜಿನ ಪ್ರತಿ ಚದರ ಮೀಟರಿನಿಂದ ಸುಮಾರು 5 ವ್ಯಾಟ್ ಶಾಖ ಹೊರಗೆ ಹೋಗುತ್ತದೆ. ಎರಡು ಹಾಳೆಗಳ ನಡುವೆ ಅನಿಲ ತುಂಬಿದ ಈಗಿನ ಕಿಟಕಿಯಲ್ಲಾದರೆ ಈ ನಷ್ಟ ಸುಮಾರು ಒಂದೂವರೆ ವ್ಯಾಟ್. ಚಳಿಗಾಲವೆಲ್ಲ ಮನೆಯನ್ನು ಕಾಯಿಸಲೇಬೇಕಾದ ದೇಶದಲ್ಲಿ ಇದು ದೊಡ್ಡ ಉಳಿತಾಯ. ಆದ್ದರಿಂದ ಜನ ಹಳೆಯ ಕಿಟಕಿ ಕಿತ್ತು ಹೊಸದು ಹಾಕಿಸುತ್ತಾರೆ. ಕಿತ್ತ ಕಿಟಕಿಗಳು ಮನೆಯ ಮುಂದೆ ನಿಲ್ಲಿಸಿದ ‘ಸ್ಕಿಪ್’ ಎಂಬ ದೊಡ್ಡ ಕಬ್ಬಿಣದ ತೊಟ್ಟಿಗೆ ಬೀಳುತ್ತವೆ.

ಇಲ್ಲೊಂದು ಸ್ವಾರಸ್ಯ ನೋಡಿ. ಶಾಖ ಸೋರುತ್ತದೆ ಎಂಬ ಕಾರಣಕ್ಕೆ ಮನೆಯಿಂದ ಹೊರಬಿದ್ದ ಅದೇ ಗಾಜು, ಶಾಖ ಹಿಡಿದಿಡುವ ಕೆಲಸಕ್ಕೆ ತೋಟದಲ್ಲಿ ನೇಮಕವಾಗುತ್ತದೆ! ಮನೆಯೊಳಗೆ 20 ಡಿಗ್ರಿ ಬೇಕೆನ್ನುವ ಮನುಷ್ಯನಿಗೆ ಸಾಲದ ಕಿಟಕಿ, ಹೆಪ್ಪುಗಟ್ಟದಿದ್ದರೆ ಸಾಕೆನ್ನುವ ಪಾಲಕ್ ಗಿಡಕ್ಕೆ ಧಾರಾಳವಾಗುತ್ತದೆ. ‘ಕಸದಿಂದ ರಸ’ ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಎರಡೂವರೆ ಗುಂಟೆಯ ತೋಟ

ಕಿಟಕಿಗಳು ಹೋಗಿ ಸೇರುವ ತೋಟಗಳಿಗೆ ‘ಅಲಾಟ್‌ಮೆಂಟ್’ ಎನ್ನುತ್ತಾರೆ. ಮನೆಯ ಹಿಂದೆ ಜಾಗವಿಲ್ಲದವರಿಗೆ ನಗರಸಭೆ ವಾರ್ಷಿಕ ಬಾಡಿಗೆಗೆ ಕೊಡುವ ತುಂಡು ಜಮೀನು ಇದು. ಜನ ಬೇಡಿಕೆ ಸಲ್ಲಿಸಿದರೆ ಸ್ಥಳೀಯ ಆಡಳಿತ ಇಂಥ ಜಮೀನು ಒದಗಿಸಬೇಕೆಂಬ ಕಾನೂನು 1908ರಷ್ಟು ಹಳೆಯದು. ಪೂರ್ಣ ಅಳತೆಯ ಒಂದು ತುಂಡು ಸುಮಾರು 250 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗಿನಲ್ಲಿ ಬರುವ ಆಹಾರ ಕಡಿಮೆಯಾದಾಗ, ‘ಗೆಲುವಿಗಾಗಿ ಅಗೆಯಿರಿ’ ಎಂಬ ಸರ್ಕಾರಿ ಕರೆಗೆ ಓಗೊಟ್ಟು ಉದ್ಯಾನ, ಆಟದ ಮೈದಾನಗಳನ್ನೂ ಜನ ಇಂಥ ತರಕಾರಿ ಮಡಿಗಳಾಗಿ ಮಾಡಿದ್ದರು.

ತಂಗಿಯ ಮನೆಯಿಂದ ಹತ್ತು ನಿಮಿಷ ನಡೆದರೆ ಇಂಥದೊಂದು ಜಾಗವಿದೆ. ಗುಡ್ಡದ ದಕ್ಷಿಣ ಇಳಿಜಾರಿನಲ್ಲಿ ನೂರಾರು ಮಡಿಗಳು, ತಗಡು ಮರಗಳಿಂದ ಎಬ್ಬಿಸಿದ ಗೂಡಂಗಡಿಯಂಥ ಗುಡಿಸಲುಗಳು. ಎಲ್ಲೆಲ್ಲೂ ಕಿಟಕಿಗಳು! ಹಸಿರು ಬಣ್ಣದ್ದು, ಬಿಳಿ ಬಣ್ಣದ್ದು, ಹಿಡಿಕೆ ಇನ್ನೂ ಉಳಿದದ್ದು, ಸ್ನಾನದ ಮನೆಯ ಮಬ್ಬು ಗಾಜಿನದು. ಊರಿನ ಅರ್ಧ ಮನೆಗಳು ಆಕಾಶ ನೋಡುತ್ತ ನೆಲದಲ್ಲಿ ಮಲಗಿದಂತೆ ಕಾಣುತ್ತಿತ್ತು.

ತಂಗಿಯ ಮಡಿಯ ಪಕ್ಕದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರ ಮಡಿಯಿತ್ತು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. 1980ರ ದಶಕದಲ್ಲಿ ಶೆಫೀಲ್ಡ್‌ನ ಕಾರ್ಖಾನೆಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು, ಇವರೂ ಅವರಲ್ಲೊಬ್ಬರು. ಆ ಮಾತು ಬಂದಾಗ ಅವರು ಹೇಳಿದ್ದು ಎರಡೇ ವಾಕ್ಯ: ‘ಮಕ್ಕಳು ಚಿಕ್ಕವರಿದ್ದರು. ಈ ಮಡಿ ಇದ್ದದ್ದರಿಂದ ಅಂಗಡಿಯಲ್ಲಿ ತರಕಾರಿಗೆ ಸಾಲ ಹೇಳಲಿಲ್ಲ.’ ಅವರ ಮಡಿಯಲ್ಲಿ ಸಾಲಾಗಿ ಮೂರು ಕೋಲ್ಡ್ ಫ್ರೇಮ್‌ಗಳಿದ್ದವು. ಈ ಕಿಟಕಿಗಳನ್ನು ಎಲ್ಲಿಂದ ತಂದಿರೆಂದು ಕೇಳಿದೆ. ‘ಎರಡು ಸ್ಕಿಪ್‌ನಿಂದ, ಮನೆಯವರನ್ನು ಕೇಳಿಯೇ ತಂದದ್ದು. ಇದೊಂದು ನನ್ನ ಮನೆಯದೇ. ಮೂವತ್ತು ವರ್ಷ ಒಳಗಿನಿಂದ ನೋಡಿದೆ, ಈಗ ಹೊರಗಿನಿಂದ ನೋಡುತ್ತಿದ್ದೇನೆ’ ಎಂದು ನಕ್ಕರು.

ಮುಚ್ಚಳ ಮೊದಲು, ಪೆಟ್ಟಿಗೆ ಆಮೇಲೆ

ನಾನಿದ್ದಾಗಲೇ ಅವರು ನಾಲ್ಕನೆಯದೊಂದನ್ನು ಕಟ್ಟಿದರು. ಹನ್ನೆರಡು ವರ್ಷದ ತಂಗಿಯ ಮಗಳೂ ನಾನೂ ಹಲಗೆ ಹಿಡಿಯುವ ಆಳುಗಳಾದೆವು.

ಅವರ ಮೊದಲ ಸೂತ್ರ: ಪೆಟ್ಟಿಗೆಗೆ ತಕ್ಕ ಮುಚ್ಚಳ ಹುಡುಕಬಾರದು, ಸಿಕ್ಕ ಮುಚ್ಚಳಕ್ಕೆ ತಕ್ಕ ಪೆಟ್ಟಿಗೆ ಕಟ್ಟಬೇಕು. ಸಿಕ್ಕಿದ್ದ ಕಿಟಕಿ 120 ಸೆಂ.ಮೀ. ಉದ್ದ, 90 ಸೆಂ.ಮೀ. ಅಗಲದ್ದು. ಹಿಂಬದಿಗೆ 45 ಸೆಂ.ಮೀ. ಎತ್ತರದ ಹಲಗೆ, ಮುಂಬದಿಗೆ 30 ಸೆಂ.ಮೀ. ಎತ್ತರದ್ದು. ಎರಡು ಪಕ್ಕದ ಹಲಗೆಗಳನ್ನು ಹಿಂದಿನಿಂದ ಮುಂದಕ್ಕೆ ಓರೆಯಾಗಿ ಕೊಯ್ದು, ನಾಲ್ಕು ಮೂಲೆಗಳಲ್ಲಿ ಒಳಗಡೆ ಗೂಟ ಕೊಟ್ಟು ಸ್ಕ್ರೂ ಬಿಗಿದರು. ತಳ ಬೇಕಿಲ್ಲ, ನೆಲವೇ ತಳ. ಕಿಟಕಿಯನ್ನು ಹಿಂದಿನ ಹಲಗೆಗೆ ಕೀಲು ಹಾಕಿ ಕೂರಿಸಿದರು. ಎತ್ತಿ ನಿಲ್ಲಿಸಲು ಮೂರು ಕಚ್ಚು ಮಾಡಿದ ಒಂದು ಕೋಲು. ಒಂದು ಕಚ್ಚಿಗೆ ಬೆರಳಗಲ ತೆರೆಯುತ್ತದೆ, ಇನ್ನೊಂದಕ್ಕೆ ಗೇಣಗಲ, ಮೂರನೆಯದಕ್ಕೆ ಪೂರ್ತಿ. ಪೆಟ್ಟಿಗೆಯ ಬೆನ್ನು ಉತ್ತರಕ್ಕೆ, ಗಾಜಿನ ಇಳಿಜಾರು ದಕ್ಷಿಣಕ್ಕೆ. ಮಧ್ಯಾಹ್ನದ ಚಹಾದ ಹೊತ್ತಿಗೆ ಕೆಲಸ ಮುಗಿದಿತ್ತು.

ಕಿಟಕಿ ಆರಿಸುವುದರಲ್ಲೂ ಜಾಣತನ ಬೇಕು. ಗಾಜುಗಳ ನಡುವಿನ ಮರದ ಪಟ್ಟಿಗಳು ಇಳಿಜಾರಿನ ಉದ್ದಕ್ಕೇ ಇದ್ದರೆ ಮಳೆನೀರು ಸರಾಗವಾಗಿ ಹರಿದುಹೋಗುತ್ತದೆ. ಅಡ್ಡಪಟ್ಟಿಗಳಿದ್ದರೆ ಅಲ್ಲಲ್ಲಿ ನೀರು ನಿಂತು ಮರ ಕೊಳೆಯುತ್ತದೆ. ಗೋಡೆಯಲ್ಲಿ ನಿಂತಿದ್ದಾಗ ಕಿಟಕಿಗೆ ಈ ತೊಂದರೆ ಇರಲಿಲ್ಲ, ಮಲಗಿದ ಮೇಲೆ ಬಂತು.

ಅಪಾಯಗಳು ಎರಡು. ಒಂದು, ಗಾಜು. ತೆಳ್ಳನೆಯ ಹಳೆ ಗಾಜು ಒಡೆದರೆ ಕತ್ತಿಯಂತೆ ಕೊಯ್ಯುತ್ತದೆ. ಹಿರಿಯರು ದಪ್ಪ ಕೈಗವಸು ಹಾಕದೆ ಕಿಟಕಿ ಮುಟ್ಟಲಿಲ್ಲ, ಹುಡುಗಿಗೆ ಗಾಜಿನ ಬಳಿ ಬರಲು ಬಿಡಲಿಲ್ಲ. ಎರಡನೆಯದು ಕಣ್ಣಿಗೆ ಕಾಣದ್ದು: ಸೀಸ. 1960ರ ದಶಕಕ್ಕಿಂತ ಹಿಂದಿನ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವ ಸಂಭವ ಹೆಚ್ಚು. ಒಣಗಿದ ಬಣ್ಣವನ್ನು ಉಜ್ಜಿದರೆ ಏಳುವ ಧೂಳು ಉಸಿರಿನೊಂದಿಗೆ ಒಳಗೆ ಹೋಗುತ್ತದೆ, ಸಿಪ್ಪೆಯಾಗಿ ಉದುರಿದರೆ ಮಣ್ಣಿಗೆ ಸೇರುತ್ತದೆ. ಮಕ್ಕಳ ಬೆಳೆಯುವ ಮೆದುಳಿಗೆ ಸೀಸ ಕಡು ವಿಷ. ‘ಬಣ್ಣ ಎದ್ದ ಹಳೆಯ ಕಿಟಕಿ ಪುಕ್ಕಟೆ ಸಿಕ್ಕರೂ ತರಕಾರಿಯ ಮೇಲೆ ಬೇಡ’ ಎಂಬುದು ಅವರ ಎರಡನೆಯ ಸೂತ್ರ.

ಹದಿಮೂರು ಡಿಗ್ರಿಯ ಸೂರ್ಯ

ಇಷ್ಟೆಲ್ಲ ಪಾಡು ಯಾಕೆ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಮಾಡಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಶೆಫೀಲ್ಡ್ ಸುಮಾರು 53 ಡಿಗ್ರಿಯಲ್ಲಿ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಮಕರ ಸಂಕ್ರಾಂತಿ ವೃತ್ತದ ಮೇಲೆ, ಅಂದರೆ ದಕ್ಷಿಣಕ್ಕೆ ಇಪ್ಪತ್ತಮೂರೂವರೆ ಡಿಗ್ರಿಯಲ್ಲಿ ಇರುತ್ತಾನೆ. 90ರಿಂದ ಈ ಎರಡನ್ನೂ ಕಳೆಯಿರಿ. ಅಂದಿನ ನಡುಮಧ್ಯಾಹ್ನ ಬೆಂಗಳೂರಿನ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿದ್ದರೆ, ಶೆಫೀಲ್ಡ್‌ನ ಸೂರ್ಯ ಬರೀ 13 ಡಿಗ್ರಿ ಮೇಲಿರುತ್ತಾನೆ. ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಮುಕ್ಕಾಲು ಮೀಟರ್. ಅಲ್ಲಿ ಅದೇ ಕೋಲಿನ ನೆರಳು ನಾಲ್ಕು ಮೀಟರಿಗೂ ಹೆಚ್ಚು! ನೆರಳು ಉದ್ದವಾದಷ್ಟೂ ಅದೇ ಬಿಸಿಲು ಹೆಚ್ಚು ನೆಲಕ್ಕೆ ಹಂಚಿಹೋಗುತ್ತದೆ, ಪ್ರತಿ ಚದರ ಮೀಟರಿನ ಪಾಲು ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಅಂದು ಅಲ್ಲಿನ ಹಗಲು ಏಳೂವರೆ ಗಂಟೆ, ನಮ್ಮದು ಹನ್ನೊಂದು ಗಂಟೆಗೂ ಮೀರಿದ್ದು.

ಪೆಟ್ಟಿಗೆಯ ಬೆನ್ನು ಎತ್ತರ, ಮುಖ ತಗ್ಗು ಯಾಕೆಂಬುದು ಈಗ ತಿಳಿಯಿತಲ್ಲವೇ? 90 ಸೆಂ.ಮೀ. ಅಗಲಕ್ಕೆ 15 ಸೆಂ.ಮೀ. ಇಳಿಜಾರು ಎಂದರೆ ಸುಮಾರು 10 ಡಿಗ್ರಿ ಓರೆ. 13 ಡಿಗ್ರಿಯ ಸೂರ್ಯನಿಗೆ ಈ ಗಾಜು 23 ಡಿಗ್ರಿಯ ಕೋನದಲ್ಲಿ ಎದುರಾಗುತ್ತದೆ. ಸೈನ್ ಕೋಷ್ಟಕ ತೆಗೆದು ನೋಡಿ: 13 ಡಿಗ್ರಿಗೆ 0.22, 23 ಡಿಗ್ರಿಗೆ 0.39. ಗೇಣಿಗೂ ಕಡಿಮೆಯ ಎತ್ತರದಿಂದ, ಗಾಜಿನ ಮೇಲೆ ಬೀಳುವ ನೇರ ಬಿಸಿಲು ಸುಮಾರು ಒಂದೂ ಮುಕ್ಕಾಲು ಪಟ್ಟಾಯಿತು. ತ್ರಿಕೋನಮಿತಿ ಯಾವ ಪ್ರಯೋಜನಕ್ಕೆ ಎಂದು ಕೇಳುವ ಮಕ್ಕಳಿಗೆ ನಾನು ಈಗ ಈ ಪೆಟ್ಟಿಗೆಯನ್ನು ತೋರಿಸುತ್ತೇನೆ.

ಹಾಗೆಂದು ಪೆಟ್ಟಿಗೆ ಪವಾಡ ಮಾಡುವುದಿಲ್ಲ. ಹಗಲು 10 ಗಂಟೆಗಿಂತ ಕಡಿಮೆಯಾದಾಗ ಹೆಚ್ಚಿನ ತರಕಾರಿಗಳ ಬೆಳವಣಿಗೆ ನಿಂತಂತೆಯೇ ಎಂಬುದನ್ನು ಅಮೆರಿಕದ ಮೇನ್ ರಾಜ್ಯದಲ್ಲಿ ಚಳಿಗಾಲದ ಬೇಸಾಯ ಮಾಡಿ ಹೆಸರಾದ ಎಲಿಯಟ್ ಕೋಲ್ಮನ್ ತಮ್ಮ ಪುಸ್ತಕಗಳಲ್ಲಿ ವಿವರಿಸಿದ್ದಾರೆ. ಶೆಫೀಲ್ಡ್‌ನಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಇದೇ ಸ್ಥಿತಿ. ಆ ತಿಂಗಳುಗಳಲ್ಲಿ ಪೆಟ್ಟಿಗೆ ಬೆಳೆಸುವುದಿಲ್ಲ, ಬೆಳೆದದ್ದನ್ನು ಕಾಪಾಡುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬಿತ್ತಿದ ಪಾಲಕ್, ಲೆಟ್ಯೂಸ್ ಸೊಪ್ಪನ್ನು ಡಿಸೆಂಬರಿನಲ್ಲಿ ಕಿತ್ತು ತರಬಹುದು. ಮತ್ತೆ ವಸಂತ ಬಂದಾಗ ನೆರೆಯವರಿಗಿಂತ ಕೆಲವು ವಾರ ಮೊದಲೇ ಸಸಿ ಮಾಡಿಕೊಳ್ಳಬಹುದು. ಈ ಕೆಲವು ವಾರಗಳೇ ಪೆಟ್ಟಿಗೆಯ ಗಳಿಕೆ.

ಗಾಜು ಮಾಡುವುದೇನು?

ಗಾಜು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತದೆ, ಕಾದ ಮಣ್ಣು ಹೊರಸೂಸುವ ಅವಕೆಂಪು ಕಿರಣಗಳನ್ನು ತಡೆಯುತ್ತದೆ, ಆದ್ದರಿಂದ ಒಳಗೆ ಬಿಸಿ ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಇದು ಸುಳ್ಳಲ್ಲ, ಆದರೆ ಮುಖ್ಯ ಕಾರಣವೂ ಅಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್.ಡಬ್ಲ್ಯು. ವುಡ್ ಒಂದು ಸರಳ ಪ್ರಯೋಗ ಮಾಡಿದರು. ಎರಡು ಕಪ್ಪು ಪೆಟ್ಟಿಗೆಗಳು. ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಾಳೆಯ ಮುಚ್ಚಳ. ಕಲ್ಲುಪ್ಪು ಅವಕೆಂಪು ಕಿರಣಗಳನ್ನೂ ಹೊರಗೆ ಬಿಡುತ್ತದೆ. ಹಾಗಾದರೆ ಅದರ ಪೆಟ್ಟಿಗೆ ತಣ್ಣಗಿರಬೇಕಲ್ಲವೇ? ಎರಡಕ್ಕೂ ಒಂದೇ ಬಗೆಯ ಬಿಸಿಲು ಬೀಳುವಂತೆ ಮಾಡಿದಾಗ ಎರಡೂ ಸುಮಾರು 55 ಡಿಗ್ರಿಗೆ ಏರಿದವು. ವ್ಯತ್ಯಾಸ ಒಂದು ಡಿಗ್ರಿಯಷ್ಟೂ ಬರಲಿಲ್ಲ.

ಅಂದರೆ ಮುಚ್ಚಳದ ದೊಡ್ಡ ಕೆಲಸ ಕಿರಣ ತಡೆಯುವುದಲ್ಲ, ಗಾಳಿ ತಡೆಯುವುದು. ಬಯಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ತಣ್ಣನೆಯ ಗಾಳಿ ಆ ಜಾಗಕ್ಕೆ ಬರುತ್ತದೆ. ಪೆಟ್ಟಿಗೆಯೊಳಗಿನ ಗಾಳಿಗೆ ಓಡಿಹೋಗಲು ದಾರಿಯಿಲ್ಲ. ಬಿಸಿಲಿನಲ್ಲಿ ಕಿಟಕಿ ಏರಿಸಿ ನಿಲ್ಲಿಸಿದ ಕಾರಿನೊಳಗೆ ಕುಳಿತವರಿಗೆಲ್ಲ ಇದು ಗೊತ್ತು. ವಾಯುಮಂಡಲದ ‘ಹಸಿರುಮನೆ ಪರಿಣಾಮ’ ಎಂಬ ಹೆಸರು ಇಂಥ ಗಾಜಿನ ಮನೆಯಿಂದ ಬಂದಿದ್ದರೂ, ಅಲ್ಲಿ ಇಂಗಾಲದ ಡೈ ಆಕ್ಸೈಡ್ ಮುಂತಾದ ಅನಿಲಗಳು ಮಾಡುವುದು ಕಿರಣಗಳನ್ನು ಹೀರಿ ಮರಳಿ ಸೂಸುವ ಬೇರೆಯೇ ಕೆಲಸ. ಹೆಸರು ಒಂದಾದ ಮಾತ್ರಕ್ಕೆ ಕೆಲಸ ಒಂದಲ್ಲ.

ಗಾಳಿಗೆ ದಾರಿಯಿಲ್ಲದಿರುವುದೇ ಪೆಟ್ಟಿಗೆಯ ಬಲ, ಅದೇ ಅದರ ದೌರ್ಬಲ್ಯವೂ ಹೌದು. ಏಪ್ರಿಲ್‌ನ ಬಿಸಿಲು ಬಿದ್ದ ದಿನ ಹೊರಗೆ 12 ಡಿಗ್ರಿ ಇರುವಾಗಲೇ ಮುಚ್ಚಿದ ಪೆಟ್ಟಿಗೆಯಲ್ಲಿ 30 ದಾಟುವುದುಂಟು. ಸಸಿಗಳು ಚಳಿಯಿಂದಲ್ಲ, ಸೆಕೆಯಿಂದ ಬಾಡುತ್ತವೆ! ಅದಕ್ಕೇ ಆ ಮೂರು ಕಚ್ಚಿನ ಕೋಲು. ದಿನವೆಲ್ಲ ಮನೆಯಲ್ಲಿರದವರು ಮೇಣದ ಸಾಧನವೊಂದನ್ನು ಬಳಸುತ್ತಾರೆ. ಕೊಳವೆಯೊಳಗಿನ ಮೇಣ ಬಿಸಿಯಾಗಿ ಹಿಗ್ಗಿದಾಗ ದಂಡವೊಂದನ್ನು ತಳ್ಳಿ ಮುಚ್ಚಳ ಎತ್ತುತ್ತದೆ, ತಣಿದಾಗ ಕುಗ್ಗಿ ಇಳಿಸುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ, ಉಷ್ಣ ವ್ಯಾಕೋಚನದ ಪಾಠವೇ ಕಾವಲುಗಾರ.

ಡ್ಯೂಕನ ಗಾಜು

ಒಂದು ಭಾನುವಾರ ತಂಗಿಯ ಮನೆಯವರೆಲ್ಲ ಸೇರಿ ಶೆಫೀಲ್ಡ್‌ನ ನೈರುತ್ಯಕ್ಕಿರುವ ಚಾಟ್ಸ್‌ವರ್ತ್‌ಗೆ ಹೋದೆವು. ಡೆವನ್‌ಶೈರ್ ಡ್ಯೂಕರ ಅರಮನೆಯದು, ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಸ್ಕಿಪ್‌ನ ಕಿಟಕಿ ನೋಡಿದವರು ಈ ಅರಮನೆಯ ತೋಟವನ್ನೂ ನೋಡಬೇಕು. ಆಗಲೇ ಗಾಜಿನ ಕಥೆ ಪೂರ್ತಿಯಾಗುತ್ತದೆ.

ಚಳಿಗಾಲದಲ್ಲಿ ಬೇಸಿಗೆಯ ಬೆಳೆ ತಿನ್ನುವ ಆಸೆ ಬಹಳ ಹಳೆಯದು. ರೋಮ್ ಚಕ್ರವರ್ತಿ ಟೈಬೀರಿಯಸ್‌ಗಾಗಿ ಗಾಲಿಯ ಮೇಲಿನ ಮಡಿಗಳಲ್ಲಿ ಸೌತೆಯಂಥ ಕಾಯಿ ಬೆಳೆಸಿ, ಚಳಿಯಲ್ಲಿ ಅವಕ್ಕೆ ಪಾರದರ್ಶಕ ಕಲ್ಲಿನ ಹಾಳೆ ಮುಚ್ಚುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಇಂಗ್ಲೆಂಡಿನಲ್ಲೂ ಅದು ದೊಡ್ಡವರ ಆಸೆಯಾಗಿಯೇ ಇತ್ತು. ಕಾರಣ, ಗಾಜಿನ ಬೆಲೆ. 1696ರಿಂದ 1851ರವರೆಗೆ ಅಲ್ಲಿ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ತೆರಿಗೆ ಉಳಿಸಲು ಇಟ್ಟಿಗೆ ಕಟ್ಟಿ ಮುಚ್ಚಿದ ಕಿಟಕಿಗಳನ್ನು ಹಳೆಯ ಊರುಗಳಲ್ಲಿ ಈಗಲೂ ಕಾಣಬಹುದು. ಇದರ ಮೇಲೆ ಗಾಜಿಗೂ ಪ್ರತ್ಯೇಕ ಸುಂಕವಿತ್ತು, ಅದು ರದ್ದಾದದ್ದು 1845ರಲ್ಲಿ. ಬಡವನಿಗೆ ಮನೆಯಲ್ಲಿ ಬೆಳಕಿಗೇ ಕಿಟಕಿ ಇಲ್ಲದಿದ್ದಾಗ ತೋಟಕ್ಕೆ ಎಲ್ಲಿಂದ ಬರಬೇಕು?

ರೈತನ ಮಗನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ 1826ರಲ್ಲಿ, 23 ತುಂಬುವ ಮೊದಲೇ ಚಾಟ್ಸ್‌ವರ್ತ್‌ನ ಮುಖ್ಯ ತೋಟಗಾರನಾಗಿ ಬಂದ. ಡ್ಯೂಕರ ಹಣ, ಇವನ ಬುದ್ಧಿ ಸೇರಿ 1836ರಿಂದ 1840ರ ಅವಧಿಯಲ್ಲಿ ಎದ್ದ ಮಹಾ ಗಾಜಿನ ಮನೆ 84 ಮೀಟರ್ ಉದ್ದ, 37 ಮೀಟರ್ ಅಗಲ, 20 ಮೀಟರ್ ಎತ್ತರದ್ದು. ಅದನ್ನು ಬೆಚ್ಚಗಿಡಲು ನೆಲದಡಿಯಲ್ಲಿ ಎಂಟು ಬಾಯ್ಲರುಗಳು ಉರಿಯುತ್ತಿದ್ದವು. 1849ರಲ್ಲಿ ದಕ್ಷಿಣ ಅಮೆರಿಕದ ದೈತ್ಯ ತಾವರೆಯನ್ನು ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಅರಳಿಸಿದವನೂ ಇವನೇ. ಆ ಎಲೆ ಎಷ್ಟು ಭಾರ ತಡೆಯುತ್ತದೆಂದು ತೋರಿಸಲು ತನ್ನ ಪುಟ್ಟ ಮಗಳನ್ನೇ ಅದರ ಮೇಲೆ ನಿಲ್ಲಿಸಿದ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸುಮಾರು ಮೂರು ಲಕ್ಷ ಗಾಜಿನ ಹಾಳೆಗಳ ‘ಕ್ರಿಸ್ಟಲ್ ಪ್ಯಾಲೇಸ್’ ಇವನ ವಿನ್ಯಾಸದಂತೆಯೇ ಎದ್ದಿತು.

ನಮಗೂ ಇಲ್ಲಿ ಎರಡು ನಂಟುಗಳಿವೆ. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗ್‌ನ ಗಾಜಿನ ಮನೆಗೆ ಆ ಕ್ರಿಸ್ಟಲ್ ಪ್ಯಾಲೇಸೇ ಸ್ಫೂರ್ತಿ. ಬೆಂಗಳೂರಿನಲ್ಲಿ ಚಳಿ ತಡೆಯುವ ಅಗತ್ಯವಿರಲಿಲ್ಲ, ಅದು ಫಲಪುಷ್ಪ ಪ್ರದರ್ಶನದ ಮಂಟಪವಾಯಿತು. ಇನ್ನೊಂದು ನಂಟು ಬಾಳೆಹಣ್ಣಿನದು. 1830ರ ದಶಕದಲ್ಲಿ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆಗೆ ಡ್ಯೂಕರ ಮನೆತನದ ‘ಕ್ಯಾವೆಂಡಿಶ್’ ಎಂಬ ಹೆಸರಿಡಲಾಯಿತು. ನಮ್ಮ ಸಂತೆಯಲ್ಲಿ ಸಿಗುವ ಪಚ್ಚಬಾಳೆ, ಜಿ-9 ಬಾಳೆಗಳು ಈ ಕ್ಯಾವೆಂಡಿಶ್ ಗುಂಪಿಗೇ ಸೇರಿದವು. ನಮ್ಮ ಹಿತ್ತಲಲ್ಲಿ ತಾನಾಗಿ ಬೆಳೆಯುವ ಗಿಡಕ್ಕೆ ಅಲ್ಲಿ ಕಲ್ಲಿದ್ದಲು ಸುಡಬೇಕಾಗಿತ್ತು.

ಆ ಕಲ್ಲಿದ್ದಲೇ ಕಡೆಗೆ ಮುಳುವಾಯಿತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಿಗದೆ ಮಹಾ ಗಾಜಿನ ಮನೆಯ ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನು ಸಿಡಿಮದ್ದಿಟ್ಟು ಕೆಡವಿದರು. ಅದರ ಅಡಿಪಾಯದ ಗೋಡೆಗಳ ನಡುವೆ ಈಗ ಪೊದೆಗಳ ಚಕ್ರವ್ಯೂಹವೊಂದಿದೆ, ಮಕ್ಕಳು ಅದರಲ್ಲಿ ದಾರಿ ತಪ್ಪಿ ಕೂಗಾಡುತ್ತಿದ್ದರು. ಎಂಟು ಬಾಯ್ಲರಿನ ಗಾಜಿನ ಮನೆ ಹೋಯಿತು, ಒಂದು ಕಡ್ಡಿಯನ್ನೂ ಸುಡದ ಕಿಟಕಿ ಪೆಟ್ಟಿಗೆ ಉಳಿಯಿತು. ಡ್ಯೂಕರಿಗಷ್ಟೇ ಎಟುಕುತ್ತಿದ್ದ ಗಾಜು ತೆರಿಗೆ ಇಳಿದು, ಕಾರ್ಖಾನೆ ಬೆಳೆದು, ಕಾರ್ಮಿಕನ ಮನೆಗೆ ಬಂತು. ಅಲ್ಲಿ ಹಳತಾಗಿ ಅವನ ಎರಡೂವರೆ ಗುಂಟೆಗೂ ಇಳಿಯಿತು.

ಮೈನಸ್ ಎರಡರ ರಾತ್ರಿ

ಏಪ್ರಿಲ್ ಕೊನೆಯ ವಾರ ಒಂದು ಸಂಜೆ ಆಕಾಶ ಶುಭ್ರವಾಗಿತ್ತು, ಗಾಳಿ ನಿಂತಿತ್ತು. ನೋಡಲು ಸೊಗಸು, ತೋಟದವರಿಗೆ ಮಾತ್ರ ದಿಗಿಲು. ಮೋಡವಿದ್ದರೆ ಅದು ನೆಲಕ್ಕೆ ಹೊದಿಕೆಯಿದ್ದಂತೆ. ಇಲ್ಲದಿದ್ದರೆ ನೆಲದ ಶಾಖ ರಾತ್ರಿಯೆಲ್ಲ ಆಕಾಶಕ್ಕೆ ಸೂಸಿಹೋಗಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಹಿರಿಯರ ಪೆಟ್ಟಿಗೆಗಳಲ್ಲಿ ನಲವತ್ತು ಟೊಮ್ಯಾಟೊ ಸಸಿಗಳಿದ್ದವು, ಫೆಬ್ರವರಿಯಿಂದ ಅಡುಗೆಮನೆಯ ಕಿಟಕಿಯಲ್ಲಿ ಸಾಕಿ ತಂದಿಟ್ಟವು. ಟೊಮ್ಯಾಟೊ ಹಿಮ ತಾಳದು, ಒಂದೇ ರಾತ್ರಿಗೆ ಎಲ್ಲವೂ ಕಪ್ಪಾಗಬಹುದು.

ಪೆಟ್ಟಿಗೆಯೊಳಗೆ ಕಪ್ಪು ಬಣ್ಣ ಬಳಿದ, ನೀರು ತುಂಬಿದ ಐದು ಲೀಟರಿನ ನಾಲ್ಕು ಡಬ್ಬಿಗಳಿದ್ದವು. ಹಗಲೆಲ್ಲ ಬಿಸಿಲು ಕುಡಿದ ಈ 20 ಲೀಟರ್ ನೀರು ರಾತ್ರಿ 10 ಡಿಗ್ರಿ ತಣಿದರೆ 840 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಹತ್ತು ಗಂಟೆ ಕಾಲ 23 ವ್ಯಾಟಿನ ಸಣ್ಣ ಹೀಟರನ್ನು ಒಳಗಿಟ್ಟಷ್ಟು. ಸೂರ್ಯ ಮುಳುಗುವ ಮುನ್ನವೇ ಹಿರಿಯರು ಮುಚ್ಚಳ ಇಳಿಸಿ, ಗಾಜಿನ ಮೇಲೆ ಹಳೆಯ ಕಂಬಳಿ ಹೊದಿಸಿದರು. ತಂಗಿಯ ಮಗಳು ಒಂದು ಉಷ್ಣಮಾಪಕವನ್ನು ಒಳಗೂ ಇನ್ನೊಂದನ್ನು ಹೊರಗೂ ಇಟ್ಟಳು.

ಬೆಳಗ್ಗೆ ಆರು ಗಂಟೆಗೆ ಅವಳೇ ನನ್ನನ್ನು ಎಬ್ಬಿಸಿದಳು. ಹುಲ್ಲೆಲ್ಲ ಸಕ್ಕರೆ ಉದುರಿಸಿದಂತೆ ಬೆಳ್ಳಗಿತ್ತು. ಹೊರಗೆ ಮೈನಸ್ 2, ಒಳಗೆ 3. ಆಚೆ ಮಡಿಯಲ್ಲಿ ಮುಚ್ಚದೆ ಬಿಟ್ಟಿದ್ದ ಆಲೂಗಡ್ಡೆಯ ಚಿಗುರು ಬಿಸಿಲೇರುವ ಹೊತ್ತಿಗೆ ಕಪ್ಪಾಯಿತು. ಟೊಮ್ಯಾಟೊ ನಲವತ್ತಕ್ಕೆ ನಲವತ್ತೂ ಉಳಿದಿದ್ದವು. ‘ಮಾವ, ಐದೇ ಡಿಗ್ರಿ ಅಲ್ವಾ?’ ಎಂದಳು. ಹೌದು, ಐದೇ ಡಿಗ್ರಿ. ಸೊನ್ನೆಯ ಯಾವ ಬದಿಯಲ್ಲಿ ಇದ್ದೇವೆ ಎಂಬುದರಲ್ಲೇ ಎಲ್ಲವೂ ಇದೆ.

ಆ ಬೆಳಿಗ್ಗೆ ಹಿರಿಯರು ಮಾಡಿದ ಮೊದಲ ಕೆಲಸ ಕಂಬಳಿ ತೆಗೆದು, ಬಿಸಿಲು ಬಿದ್ದ ಮೇಲೆ ಮುಚ್ಚಳವನ್ನು ಬೆರಳಗಲ ತೆರೆದದ್ದು. ಮರುದಿನದಿಂದ ಗೇಣಗಲ, ವಾರದ ನಂತರ ಹಗಲೆಲ್ಲ ಪೂರ್ತಿ, ಹಿಮದ ಭಯ ಕಳೆದ ಮೇಲೆ ರಾತ್ರಿಯೂ. ಹೀಗೆ ಗಾಳಿಗೆ ಒಗ್ಗಿಸದೆ ಬಯಲಿಗೆ ನೆಟ್ಟರೆ ಬೆಚ್ಚಗೆ ಬೆಳೆದ ಸಸಿ ಸೊರಗುತ್ತದೆ. ಒಗ್ಗಿಸಿದರೆ ಕಾಂಡ ದಪ್ಪವಾಗಿ, ಎಲೆ ಗಡುಸಾಗಿ ನಿಲ್ಲುತ್ತದೆ. ಮಕ್ಕಳನ್ನು ಸಾಕುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮುಚ್ಚಳ ಬೇಕು, ಅದನ್ನು ಎತ್ತುವ ಕೋಲೂ ಬೇಕು.

ನಮ್ಮ ತಾರಸಿಯ ಮೇಲೆ

ಬಯಲುಸೀಮೆಯಲ್ಲಿರುವ ನಮಗೆ ಕೋಲ್ಡ್ ಫ್ರೇಮ್ ಬೇಕಿಲ್ಲ. ನಮ್ಮ ಸಸಿಗಳಿಗೆ ಬೇಕಾದದ್ದು ನೆರಳು. ಆದರೆ ಅದರ ತತ್ವ ನಮ್ಮ ತಲೆಯ ಮೇಲೆಯೇ ಇದೆ. ಬೆಂಗಳೂರು, ಮೈಸೂರಿನ ತಾರಸಿಗಳ ಮೇಲೆ ದಕ್ಷಿಣಕ್ಕೆ ಓರೆಯಾಗಿ ಮಲಗಿರುವ ಸೋಲಾರ್ ವಾಟರ್ ಹೀಟರುಗಳನ್ನು ನೋಡಿ. ಗಾಜಿನ ಮುಚ್ಚಳದ ಚಪ್ಪಟೆ ಪೆಟ್ಟಿಗೆ, ಒಳಗೆ ಕಪ್ಪು ತಗಡು. ಸೊಪ್ಪಿನ ಬದಲು ತಾಮ್ರದ ಕೊಳವೆಯಲ್ಲಿ ನೀರು, ಅಷ್ಟೇ ವ್ಯತ್ಯಾಸ.

ವಿದ್ಯಾರ್ಥಿಗಳು ರಜೆಯಲ್ಲಿ ಈ ಪ್ರಯೋಗ ಮಾಡಬಹುದು. ಒಂದೇ ಅಳತೆಯ ಮೂರು ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಒಳಗೆ ಕಪ್ಪು ಕಾಗದ ಅಂಟಿಸಿ. ಒಂದನ್ನು ತೆರೆದೇ ಇಡಿ, ಇನ್ನೊಂದಕ್ಕೆ ಹಳೆಯ ಫೋಟೊ ಫ್ರೇಮಿನ ಗಾಜು ಮುಚ್ಚಿ, ಮೂರನೆಯದಕ್ಕೆ ತೆಳು ಪಾಲಿಥೀನ್ ಹಾಳೆ ಬಿಗಿಯಾಗಿ ಕಟ್ಟಿ. ಗಾಜನ್ನು ದೊಡ್ಡವರೇ ಇಡಲಿ. ಪ್ರಯೋಗಾಲಯದ ಉಷ್ಣಮಾಪಕಗಳನ್ನು, ನೇರ ಬಿಸಿಲು ತಾಗದಂತೆ ಬುರುಡೆಗೆ ರಟ್ಟಿನ ಮರೆ ಕೊಟ್ಟು ಒಳಗಿಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆದೀತು. ಮೂರನ್ನೂ ಬಿಸಿಲಿಗಿಟ್ಟು ಐದೈದು ನಿಮಿಷಕ್ಕೊಮ್ಮೆ ಬರೆದುಕೊಂಡು ನಕ್ಷೆ ಎಳೆಯಿರಿ. ಪಾಲಿಥೀನ್, ವುಡ್ ಅವರ ಕಲ್ಲುಪ್ಪಿನಂತೆಯೇ, ಅವಕೆಂಪು ಕಿರಣಗಳನ್ನು ಬಹುಪಾಲು ಹೊರಗೆ ಬಿಡುತ್ತದೆ. ಹಾಗಾದರೆ ಅದರ ಪೆಟ್ಟಿಗೆ ಗಾಜಿನದಕ್ಕಿಂತ ಎಷ್ಟು ತಣ್ಣಗಿದೆ? ಉತ್ತರವನ್ನು ನಾನು ಹೇಳುವುದಿಲ್ಲ.

ಪಾಲಕರಲ್ಲಿ ಒಂದು ಕೋರಿಕೆ. ಇದಕ್ಕಾಗಿ ಅಂಗಡಿಯಿಂದ ‘ಸೈನ್ಸ್ ಕಿಟ್’ ತರಬೇಡಿ. ಅಟ್ಟದ ಮೇಲಿನ ಒಡೆದ ಫ್ರೇಮು, ಸಾಮಾನು ಬಂದ ರಟ್ಟಿನ ಪೆಟ್ಟಿಗೆ ಸಾಕು. ಮಗುವಿನ ಲೆಕ್ಕ ಪುಸ್ತಕದ ಲೆಕ್ಕಕ್ಕೆ ಹೊಂದದಿದ್ದರೆ ತಿದ್ದಲು ಅವಸರ ಮಾಡಬೇಡಿ. ಮರುದಿನದ ಬಿಸಿಲಿನಲ್ಲಿ ಅದೇ ಪೆಟ್ಟಿಗೆಯನ್ನು ಮತ್ತೊಮ್ಮೆ ಹೊರಗಿಡಲು ಹೇಳಿ.